ಕಾಕಾ ಮಡಚಿಟ್ಟ ಲಿವರ್ ರಿಪೋರ್ಟ್

ಧಾರವಾಡದ ನಮ್ಮ ಕಾಕಾ ಕಳೆದ ತಿಂಗಳು ರಕ್ತಪರೀಕ್ಷೆಯ ರಿಪೋರ್ಟನ್ನು ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡವರು ಎರಡು ದಿನ ಯಾರಿಗೂ ತೋರಿಸಲಿಲ್ಲ. ಎಸ್‌ಜಿಪಿಟಿ ಮತ್ತು ಜಿಜಿಟಿ ಎಂಬ, ಯಕೃತ್ತಿನ (ಲಿವರಿನ) ಸ್ಥಿತಿ ತಿಳಿಯಲು ಅಳೆಯುವ ಎರಡು ಕಿಣ್ವಗಳು ಮಿತಿಗಿಂತ ತುಸು ಹೆಚ್ಚಿದ್ದವು. ಜೀವಮಾನದಲ್ಲಿ ಶೆರೆ ಮುಟ್ಟದ ಅವರಿಗೆ ಕಾಯಿಲೆಗಿಂತ "ಮಂದಿ ಏನಂದಾರು" ಎಂಬುದೇ ದೊಡ್ಡ ಚಿಂತೆಯಾಗಿತ್ತು. ಲಿವರ್ ಎಂದೊಡನೆ ಕುಡಿತವನ್ನೇ ನೆನೆಯುವ ನಮ್ಮ ರೂಢಿ ಇಂಥವರ ಬಾಯಿ ಕಟ್ಟಿಸುತ್ತದೆ.

ಕುಡಿತದಿಂದ ಜಿಜಿಟಿ ಏರುವುದು ನಿಜ. ಆದರೆ ಹೊಟ್ಟೆಯ ಬೊಜ್ಜು, ಸಕ್ಕರೆ ಕಾಯಿಲೆ, ಕೆಲವು ಮಾತ್ರೆಗಳು, ಎಲ್ಲಕ್ಕಿಂತ ಹೆಚ್ಚಾಗಿ ಯಕೃತ್ತಿನಲ್ಲಿ ಕೂಡಿಕೊಳ್ಳುವ ಕೊಬ್ಬು (ಫ್ಯಾಟಿ ಲಿವರ್) ಇವುಗಳಿಂದಲೂ ಅದು ಏರುತ್ತದೆ. ಇನ್ಸುಲಿನ್ನಿನ ಮಾತು ಕೇಳದಂತಾದ ದೇಹದಲ್ಲಿ ಯಕೃತ್ತು ತಾನು ಕೊಬ್ಬು ತುಂಬಿಕೊಳ್ಳುವುದಲ್ಲದೆ ರಕ್ತಕ್ಕೂ ಟ್ರೈಗ್ಲಿಸರೈಡ್ ಎಂಬ ಕೊಬ್ಬನ್ನು ಹೆಚ್ಚು ಬಿಡುತ್ತದೆ. ರಕ್ತನಾಳಗಳು ಕೆಡುವ ದಾರಿಯೂ ಇದೇ. ಫ್ಯಾಟಿ ಲಿವರ್ ಇರುವವರಲ್ಲಿ ಯಕೃತ್ತು ಕೆಟ್ಟು ಸಾಯುವವರಿಗಿಂತ ಹೃದಯದ ಕಾಯಿಲೆಯಿಂದ ಸಾಯುವವರೇ ಹೆಚ್ಚು.

ಆಸ್ಟ್ರಿಯಾದಲ್ಲಿ 1,63,944 ವಯಸ್ಕರನ್ನು 17 ವರ್ಷಗಳವರೆಗೆ ಗಮನಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜಿಜಿಟಿ ಏರಿದಂತೆಲ್ಲ ಹೃದಯ ಮತ್ತು ರಕ್ತನಾಳಗಳ ಕಾಯಿಲೆಯಿಂದ ಸಾಯುವ ಅಪಾಯವೂ ಗಂಡಸರು, ಹೆಂಗಸರು ಎನ್ನದೆ ಏರಿದ್ದು ಕಂಡುಬಂತು. 60 ದಾಟದವರಲ್ಲಿ ಈ ನಂಟು ಇನ್ನೂ ಬಲವಾಗಿತ್ತು. ನಂಟಿದೆ ಎಂದ ಮಾತ್ರಕ್ಕೆ ಜಿಜಿಟಿಯೇ ಹೃದಯವನ್ನು ಕೆಡಿಸುತ್ತದೆ ಎಂದಲ್ಲ. ಹೊಗೆ ಕಂಡಾಗ ಒಲೆಯ ಕಡೆ ನೋಡುವಂತೆ, ಈ ಅಂಕಿ ಕಂಡಾಗ ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್, ಸೊಂಟದ ಸುತ್ತಳತೆಗಳನ್ನು ನೋಡಬೇಕೆಂಬುದು ನನ್ನ ಅಭಿಪ್ರಾಯ.

ನನಗೆ ಸಿಟ್ಟು ತರಿಸಿದ್ದು ಅನಂತರದ ಸಲಹೆಗಳು. ಓಣಿಯ ಹಿರಿಯರೊಬ್ಬರು ಕಾಮಣಿಗೆ ಕೊಡುವ ಸೊಪ್ಪಿನ ಔಷಧ ಕುಡಿಯಲು ಹೇಳಿದರು. ಕಾಕಾನಿಗೆ ಕಾಮಣಿಯೇ ಇರಲಿಲ್ಲ. ಇನ್ನೊಬ್ಬರು, ಲಿವರ್ ಕೆಟ್ಟಿದೆಯೆಂದ ಮೇಲೆ ಕೊಲೆಸ್ಟ್ರಾಲ್ ಮಾತ್ರೆ ಬಿಟ್ಟುಬಿಡಿ ಎಂದರು, ಕಾಕಾ ಬಿಟ್ಟೂಬಿಟ್ಟರು. ಫ್ಯಾಟಿ ಲಿವರಿನಿಂದ ಕಿಣ್ವ ತುಸು ಏರಿದವರೂ ಸ್ಟ್ಯಾಟಿನ್ ಎಂಬ ಈ ಕೊಲೆಸ್ಟ್ರಾಲ್ ಮಾತ್ರೆ ನುಂಗಬಹುದೆಂಬುದು ಇಂದು ವೈದ್ಯರು ಒಪ್ಪುವ ಮಾತು. ಮಿತಿಯ ಮೂರು ಪಟ್ಟು ದಾಟಿದರೆ ಮರುಪರೀಕ್ಷೆ ಮಾಡಿಸಿ ಮುಂದಿನ ನಿರ್ಧಾರ ಕೈಗೊಳ್ಳುತ್ತಾರೆ. ಹೃದಯಕ್ಕೆ ಕಾವಲಿದ್ದ ಮಾತ್ರೆಯನ್ನೇ ಯಕೃತ್ತಿನ ಹೆಸರಿನಲ್ಲಿ ಬಿಡಿಸುವುದು ಎಂಥ ಉಪಕಾರ?

ಹನ್ನೊಂದನೆಯ ದಿನ ಅವರನ್ನು ಹುಬ್ಬಳ್ಳಿಯ ವೈದ್ಯರ ಬಳಿಗೆ ಕರೆದೊಯ್ದೆ. ವೈದ್ಯರು ಮಾತ್ರೆಯನ್ನು ಮತ್ತೆ ಶುರು ಮಾಡಿಸಿ, ಹೊಟ್ಟೆಯ ಸ್ಕ್ಯಾನಿಂಗ್ ಬರೆದುಕೊಟ್ಟು, ಸಂಜೆಯ ಮಿರ್ಚಿ ಭಜಿಯ ಬಗ್ಗೆ ಕೇಳಿದರು. ಕಾಕಾ ಈ ಸಲವೂ ಸುಮ್ಮನೆ ಕುಳಿತರು.