‘ಯಾಕೆ, ಮೆಡಿಕಲ್ ಸಿಗಲಿಲ್ವಾ?’

ನಮ್ಮ ಕಡೆ ಮೈಕ್ರೋಬಯಾಲಜಿ, ಅಂದರೆ ಸೂಕ್ಷ್ಮಜೀವಿಗಳ ಓದು, ತಗೊಂಡೆ ಅಂದರೆ ನೆಂಟರು ಮೊದಲು ಕೇಳುವುದೇ ಇದು. ನಾನಿರುವ ವ್ಯಾಂಕೂವರ್‌ನಲ್ಲಿ ಯಾರೂ ಹಾಗೆ ಕೇಳುವುದಿಲ್ಲ. ಕೆನಡಾದಲ್ಲಿ ಪಿಯುಸಿ ಮುಗಿಸಿ ಸೀದಾ ಡಾಕ್ಟರ್ ಓದಿಗೆ ಹೋಗುವುದು ಅಪರೂಪ. ಮೊದಲು ಡಿಗ್ರಿ, ಆಮೇಲೆ ಮೆಡಿಕಲ್. ಹಾಗಾಗಿ ಇಲ್ಲಿನ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮೈಕ್ರೋಬಯಾಲಜಿ, ಇಮ್ಯುನಾಲಜಿ (ದೇಹದ ರೋಗನಿರೋಧಕ ಶಕ್ತಿಯ ಓದು) ಓದುವವರಲ್ಲಿ ಮುಂದೆ ಡಾಕ್ಟರ್ ಆಗಬೇಕು ಅನ್ನುವವರೂ ಇರುತ್ತಾರೆ.

ನನಗೆ ತುಂಬಾ ಹಿಡಿಸಿದ್ದು ಇಲ್ಲಿನ ಕೋ-ಆಪ್ ಪದ್ಧತಿ. ಓದಿನ ನಡುವೆಯೇ ನಾಲ್ಕು ನಾಲ್ಕು ತಿಂಗಳು ಸಂಬಳ ತಗೊಂಡು ಲ್ಯಾಬಿನಲ್ಲೋ ಕಂಪನಿಯಲ್ಲೋ ದುಡಿಯುತ್ತಾರೆ. ಡಿಗ್ರಿಗೆ ಒಂದು ವರ್ಷ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ ಬಿಡಿ. ವ್ಯಾಂಕೂವರ್‌ನಲ್ಲೇ ಅಂಥ ಕಂಪನಿಗಳಿವೆ. 2012ರಲ್ಲಿ ಇದೇ ವಿಶ್ವವಿದ್ಯಾಲಯದಿಂದ ಹುಟ್ಟಿದ ಆಬ್‌ಸೆಲೆರಾ, ಕೋವಿಡ್‌ನಿಂದ ಗುಣವಾದವರೊಬ್ಬರ ರಕ್ತದಲ್ಲಿ ಆ್ಯಂಟಿಬಾಡಿ (ವೈರಸ್ ವಿರುದ್ಧ ದೇಹ ತಯಾರಿಸುವ ಪ್ರೋಟೀನ್) ಹುಡುಕಿತು. ಅದರಿಂದ ಮಾಡಿದ ಔಷಧಿಗೆ 2020ರ ನವೆಂಬರ್‌ನಲ್ಲಿ ಅಮೆರಿಕ ತುರ್ತು ಬಳಕೆಯ ಒಪ್ಪಿಗೆ ಕೊಟ್ಟಿತು.

ನಮ್ಮಲ್ಲಿ ರೆಕಾರ್ಡ್ ಬುಕ್ಕಿಗೆ ಸೈನ್ ಹಾಕಿಸುವುದರಲ್ಲೇ ಅರ್ಧ ಜೀವ ಹೋಗುತ್ತದೆ. ಬ್ಯಾಕ್ಟೀರಿಯಾಕ್ಕೆ ಬಣ್ಣ ಹಾಕಿ ಯಾವ ಗುಂಪಿನದು ಅಂತ ಗುರುತಿಸುವ ಗ್ರಾಮ್ ಸ್ಟೈನನ್ನೇ ನೋಡಿ. ನೇರಳೆ ಬಣ್ಣ, ಅಯೋಡಿನ್, ಆಮೇಲೆ ಬಣ್ಣ ತೊಳೆಯುವ ಆಲ್ಕೋಹಾಲ್, ಕೊನೆಗೆ ಗುಲಾಬಿ ಬಣ್ಣ. ಈ ಆಲ್ಕೋಹಾಲ್ ಒಂದಿಷ್ಟು ಹೊತ್ತು ಜಾಸ್ತಿ ನಿಂತರೆ, ನೇರಳೆ ಕಾಣಬೇಕಾದ ಬ್ಯಾಕ್ಟೀರಿಯಾ ಗುಲಾಬಿ ಕಾಣುತ್ತದೆ. ಎಲ್ಲಿ ನಿಲ್ಲಿಸಬೇಕು ಅನ್ನುವುದು ಮಾಡಿ ಮಾಡಿಯೇ ಕೈಗೆ ಹತ್ತಬೇಕು. ಪರೀಕ್ಷೆಯ ದಿನ ಒಂದು ಸ್ಲೈಡ್ ಮಾಡಿದವರಿಗೆ ಎಲ್ಲಿಂದ ಬರಬೇಕು? ಔಷಧಿ ಕಂಪನಿಯ ಕ್ಯೂಸಿಗೆ, ಅಂದರೆ ಗುಣಮಟ್ಟ ನೋಡುವ ವಿಭಾಗಕ್ಕೆ, ಸೇರಿದ ಮೇಲೆ ಹೊಸದಾಗಿ ಕಲಿಯುತ್ತಾರೆ. ಅಲ್ಲಿ ಇಂಜೆಕ್ಷನ್‌ನ ಸ್ಯಾಂಪಲನ್ನು ಮೀಡಿಯಾಕ್ಕೆ (ಸೂಕ್ಷ್ಮಜೀವಿ ಬೆಳೆಯುವ ದ್ರವ) ಹಾಕಿ, ಸೂಕ್ಷ್ಮಜೀವಿ ಬೆಳೆದು ಅದು ಕದಡುತ್ತದಾ ಅಂತ 14 ದಿನ ಕಾಯುವುದೂ ಒಂದು ಕೆಲಸ.

ಕಲಿಸುವ ಜಾಗಕ್ಕೆ ನಮ್ಮಲ್ಲಿ ಬರವೇನಿಲ್ಲ. ಬೆಂಗಳೂರಲ್ಲಿ ಔಷಧಿ ಕಂಪನಿ ಬಯೋಕಾನ್ ಇದೆ, ಹೆಬ್ಬಾಳದಲ್ಲಿ ಜಾನುವಾರು ಲಸಿಕೆ ಮಾಡುವ ಸರ್ಕಾರಿ ಸಂಸ್ಥೆ ಇದೆ, ಮೈಸೂರಲ್ಲಿ ಆಹಾರ ಸಂಶೋಧನೆಯ ಸಿಎಫ್‌ಟಿಆರ್‌ಐ ಇದೆ. ಡೈರಿ ಲ್ಯಾಬುಗಳಂತೂ ಎಷ್ಟೋ ಜಿಲ್ಲೆಗಳಲ್ಲಿವೆ. ಇನ್ನು ಮಂಗನ ಕಾಯಿಲೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಯಿತು. ಹಳೆಯ ಲಸಿಕೆಯಲ್ಲಿ ಶಕ್ತಿ ಸಾಲದೆ ಕೊಡುವುದನ್ನೇ ನಿಲ್ಲಿಸಿದರು. ಮಲೆನಾಡಿನ ಮಕ್ಕಳಿಗೆ ಇಮ್ಯುನಾಲಜಿ ಓದಲು ಇದಕ್ಕಿಂತ ದೊಡ್ಡ ಕಾರಣ ಬೇಕಾ? ಕಾಲೇಜುಗಳು ಇಂಥ ಕಡೆ ಒಂದು ಸೆಮಿಸ್ಟರ್ ಪೂರ್ತಿ ಕಳಿಸಬೇಕು. ಸುಮ್ನೆ ಒಂದು ದಿನ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಫೋಟೋ ತೆಗೆಸಿದರೆ ಸಾಲದು.

ಇಲ್ಲಿ ಕೆನಡಾದಲ್ಲಿಯೂ ಎಲ್ಲ ಸಲೀಸಿಲ್ಲ. ಬರೀ ಬಿಎಸ್ಸಿ ಹಿಡಿದುಕೊಂಡು ಹೋದರೆ ಆಸ್ಪತ್ರೆ ಲ್ಯಾಬಿನಲ್ಲಿ ಟೆಕ್ನಾಲಜಿಸ್ಟ್ ಕೆಲಸ ಸಿಗುವುದಿಲ್ಲ. ಅದಕ್ಕೆ ಬೇರೆಯದೇ ತರಬೇತಿ, ಬೇರೆಯದೇ ಪರೀಕ್ಷೆ. ಹೊರದೇಶದವರ ಫೀಸಂತೂ ಇಲ್ಲಿಯವರದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಸಾಲ ಮಾಡಿ ಬಿಎಸ್ಸಿಗೇ ಬರುತ್ತೇವೆ ಅನ್ನುವ ನಮ್ಮ ಮಕ್ಕಳಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. ಎಂಎಸ್ಸಿ ಊರಲ್ಲೇ ಮುಗಿಸಿ, ಯಾವುದಾದರೂ ಲ್ಯಾಬಿನಲ್ಲಿ ಕೈ ಪಳಗಿಸಿಕೊಂಡು ಪಿಎಚ್‌ಡಿಗೆ ಬನ್ನಿ. ಅದಕ್ಕೆ ಸಾಮಾನ್ಯವಾಗಿ ಅವರೇ ತಿಂಗಳು ತಿಂಗಳು ದುಡ್ಡು ಕೊಡುತ್ತಾರೆ.