ಮಾಲಿಗೆ ಹೋದ ಮೆಟ್ಟುಕತ್ತಿ

ನಾನು ಹೋದದ್ದು ಕುಕ್ಕರಿನ ರಬ್ಬರಿಗೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಾನೇ ಮರೆತದ್ದುಂಟು.

ಆ ದಿನ ದೊಡ್ಡಮ್ಮನ ಕಣ್ಣು ತೋರಿಸಲಿಕ್ಕಿತ್ತು. ನಾವು ಕಾಸರಗೋಡಿನ ಕುಂಬಳೆ ಕಡೆಯವರು. ಕಣ್ಣು, ಹಲ್ಲು, ಮದುವೆ ಸೀರೆ ಎಲ್ಲದಕ್ಕೂ ಮಂಗಳೂರಿನ ರೈಲು ಹತ್ತುತ್ತೇವೆ. ರೇಷನ್ ಕಾರ್ಡು ಕೇರಳದ್ದು, ಕನ್ನಡಕ ಕರ್ನಾಟಕದ್ದು. ಆಸ್ಪತ್ರೆಯಲ್ಲಿ ದೊಡ್ಡಮ್ಮನ ಕಣ್ಣಿಗೆ ಮದ್ದು ಬಿಟ್ಟು, ಸಂಜೆವರೆಗೆ ಎಲ್ಲ ಮಂಜುಮಂಜಾಗಿ ಕಾಣ್ತದೆ, ಹೆದರಬೇಡಿ ಅಂದರು. ಮಂಗಳೂರಿನಲ್ಲೇ ಇರುವ ಅವರ ಮಗಳು, ನಮ್ಮ ಅಕ್ಕ, ಫೋನ್ ಮಾಡಿದಳು. "ಅಲ್ಲೇ ಹತ್ತಿರ ಮಾಲ್ ಉಂಟಲ್ಲ, ಎಸಿಯಲ್ಲಿ ಕೂತುಕೊಳ್ಳಿ. ಆಫೀಸು ಬಿಟ್ಟು ಬರ್ತೇನೆ. ನಿನ್ನ ರಬ್ಬರೂ ಅಲ್ಲೇ ಸಿಗಬಹುದು."

ಬಾಗಿಲಲ್ಲಿ ಚೀಲ ಮೆಷಿನ್ನಿನ ಒಳಗೆ ಹೋಯಿತು. ಮೆಷಿನ್ ನಿಂತಿತು. ಕಾವಲಿನವನೂ ಎದ್ದು ನಿಂತ. ಪರದೆಯ ಮೇಲೆ ಹಲಸಿನ ಹಪ್ಪಳದ ಕಟ್ಟಿನ ನಡುವೆ ಬಾಗಿದ ದೊಡ್ಡ ಅಲಗೊಂದು ಹೊಳೆಯುತ್ತಿತ್ತು. ಅಕ್ಕನ ಹೊಸ ಫ್ಲಾಟಿಗೆಂದು ದೊಡ್ಡಮ್ಮ ತಂದಿದ್ದ ಮೆಟ್ಟುಕತ್ತಿ, ಅಂದರೆ ಈಳಿಗೆಮಣೆ. ನನಗೆ ಅದು ಚೀಲದಲ್ಲಿ ಇದ್ದದ್ದೇ ಗೊತ್ತಿರಲಿಲ್ಲ.

"ಯೇ ಕ್ಯಾ ಹೈ?"

ಕಾಸರಗೋಡಿನವರಿಗೆ ಏಳು ಭಾಷೆ ಬರುತ್ತದೆ ಎಂದು ಎಲ್ಲ ಭಾಷಣಗಳಲ್ಲೂ ಹೇಳುತ್ತಾರೆ. ಮೆಟ್ಟುಕತ್ತಿಗೆ ಹಿಂದಿಯಲ್ಲಿ ಏನೆನ್ನುತ್ತಾರೆ ಅಂತ ಮಾತ್ರ ಯಾರೂ ಹೇಳಿಕೊಟ್ಟಿಲ್ಲ. "ಸಬ್ಜಿ... ಕಾಟ್ನೇ ಕಾ... ಬೈಠ್‌ಕೇ" ಅಂದೆ. ಅವನಿಗೆ ಈ ಬೈಠ್‌ಕೇ ಅರ್ಥವಾಗಲಿಲ್ಲ. ಕೂತುಕೊಂಡು ಯಾಕೆ? ಕೊನೆಗೆ ಮಾಲಿನ ಬಾಗಿಲಲ್ಲಿ, ಬಿಳಿ ಪಂಚೆ ಉಟ್ಟ ಐವತ್ತು ದಾಟಿದ ಸಮಾಜ ಪಾಠದ ಮೇಷ್ಟ್ರು ನಾನು, ಕುಕ್ಕರುಗಾಲಿನಲ್ಲಿ ಕೂತು, ಇಲ್ಲದ ಕತ್ತಿಯಲ್ಲಿ ಇಲ್ಲದ ಸೌತೆಕಾಯಿ ಕೊಚ್ಚಿ ತೋರಿಸಿದೆ. ಹಿಂದೆ ನಿಂತಿದ್ದ ಕಾಲೇಜು ಹುಡುಗರು ಫೋನ್ ತೆಗೆದರು. ಕತ್ತಿಯನ್ನು ಕೌಂಟರಿನಲ್ಲಿಟ್ಟು ನನ್ನ ಕೈಗೆ ಕಾಗದದ ಟೋಕನ್ ಕೊಟ್ಟ.

1999ರಲ್ಲಿ ಮುಂಬೈಯಲ್ಲಿ ಕ್ರಾಸ್‌ರೋಡ್ಸ್ ಎಂಬ ಮಾಲ್ ಶುರುವಾದಾಗ, ಮೊಬೈಲ್ ಫೋನೋ ಕ್ರೆಡಿಟ್ ಕಾರ್ಡೋ ಇಲ್ಲದವರು ಒಳಗೆ ಹೋಗಲು ದುಡ್ಡು ಕೊಡಬೇಕಿತ್ತಂತೆ. ಮೆಟ್ಟುಕತ್ತಿಯ ವಿಷಯ ಅವರಿಗೂ ಹೊಳೆದಿರಲಿಕ್ಕಿಲ್ಲ.

ಒಳಗೆ ದೊಡ್ಡಮ್ಮ ಒಂದು ಕಡೆ ಕೂತರು. ಕಾಯುವಾಗ ಸುಮ್ನೆ ಇರುವುದು ಮೇಷ್ಟ್ರುಗಳಿಗೆ ಆಗದ ಕೆಲಸ. ನಾನು ಮಾಲಿನ ಚರಿತ್ರೆ ಶುರು ಮಾಡಿದೆ. ಹೀಗೆ ನಾಲ್ಕೂ ಕಡೆ ಮುಚ್ಚಿ, ಒಳಗೆ ಚಳಿಯೂ ಸೆಕೆಯೂ ಇಲ್ಲದಂತೆ ಮಾಡಿದ ಮೊದಲ ಮಾಲ್ ಅಮೆರಿಕದ ಮಿನೆಸೋಟದ್ದು, ಹೆಸರು ಸೌತ್‌ಡೇಲ್. ಬಾಗಿಲು ತೆರೆದದ್ದು 1956ರ ಅಕ್ಟೋಬರ್ 8ಕ್ಕೆ. ಅದಾಗಿ ಬರೀ 24 ದಿನಕ್ಕೆ, ನವೆಂಬರ್ 1ಕ್ಕೆ, ದಕ್ಷಿಣ ಕನ್ನಡದಲ್ಲಿದ್ದ ನಮ್ಮ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು.

"ಮಾಲಿನವರು ಮಾಡಿದ್ದಾ ಅದು?" ಅಂತ ಕೇಳಿದರು ದೊಡ್ಡಮ್ಮ.

ಅಲ್ಲ ಅಂದೆ. ಆ ಸೌತ್‌ಡೇಲ್ ಕಟ್ಟಿಸಿದವರ ವಾಸ್ತುಶಿಲ್ಪಿ ವಿಕ್ಟರ್ ಗ್ರೂಯೆನ್, ವಿಯೆನ್ನಾದವನು. 1938ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಅಮೆರಿಕಕ್ಕೆ ಹೋದವನು. ಅಲ್ಲಿ ಎಲ್ಲರೂ ಕಾರಿನಲ್ಲೇ ತಿರುಗುವುದು ನೋಡಿ ಅವನಿಗೆ ಬೇಸರ. ತನ್ನೂರಿನ ಪೇಟೆಯ ಹಾಗೆ ಜನ ನಡೆದಾಡುವ, ಕೂತು ಹರಟುವ ಜಾಗ ಬೇಕೆಂದು ನಕ್ಷೆ ಹಾಕಿದ. ಸುತ್ತ ಮನೆ, ಶಾಲೆ, ಪಾರ್ಕು, ಕೆರೆ ಎಲ್ಲ ಬರಬೇಕಿತ್ತು. ಅವನ ನಕ್ಷೆಯ ಹಾಗೆ ಬಂದದ್ದು ಅಂಗಡಿ ಮಾತ್ರ. ಸುತ್ತ ಕಾರು ನಿಲ್ಲಿಸುವ ಬಯಲು. ಒಳಗಿನ ಅಂಗಳದಲ್ಲಿ ದೊಡ್ಡದೊಂದು ಹಕ್ಕಿಗೂಡು ಇತ್ತು. ಕೊನೆಗಾಲದಲ್ಲಿ ಅವನು ಮಾಲುಗಳೆಂದರೆ ಉರಿದು ಬೀಳುತ್ತಿದ್ದ. ವಿಯೆನ್ನಾಕ್ಕೆ ಮರಳಿದರೆ ಅಲ್ಲೂ ಊರ ಹೊರಗೆ ದೊಡ್ಡ ಮಾಲ್ ಬಂತು.

ಇಷ್ಟು ಹೇಳಿ ತಿರುಗಿದರೆ ದೊಡ್ಡಮ್ಮ ಇಲ್ಲ.

ಆಚೆ ಬಟ್ಟೆ ಅಂಗಡಿಯ ಎದುರು, ಸೀರೆ ಉಟ್ಟ ಹೆಂಗಸಿನ ಹತ್ತಿರ ಶೌಚಾಲಯ ಎಲ್ಲಿ ಅಂತ ಕೇಳುತ್ತಿದ್ದರು. ಕನ್ನಡದಲ್ಲಿ ಕೇಳಿದರು. ಮಲಯಾಳದಲ್ಲಿ ಕೇಳಿದರು. ತುಳುವಿನಲ್ಲೂ ಆಯಿತು. ಹೆಂಗಸು ತುಟಿ ಬಿಚ್ಚಲಿಲ್ಲ. ನಾನು ಓಡಿ ಹೋದಾಗ ಮೆಲ್ಲಗೆ ಹೇಳಿದರು, "ಮಾಣಿ, ಇವಳು ಹಿಂದಿಯವಳು ಕಾಣ್ತದೆ."

ಅದು ಬೊಂಬೆ ಅಂತ ನಾನು ಹೇಳಲಿಲ್ಲ. ಬಾಗಿಲಲ್ಲಿ ನನ್ನ ಹಿಂದಿಯೂ ಇಷ್ಟೇ ಕೆಲಸ ಮಾಡಿತ್ತಲ್ವಾ.

ಅಕ್ಕ ಬಂದ ಮೇಲೆ ಹಪ್ಪಳದ ಕಟ್ಟು ಅವಳ ಕೈಗೆ ಹೋಯಿತು. ಮಸಾಲೆದೋಸೆ ತಿಂದೆವು. ನಂತರ ಆದದ್ದಕ್ಕೆ ಒಂದು ಹೆಸರೇ ಉಂಟು. ಬೆಳಕು, ಹಾಡು, ಸುತ್ತುಬಳಸಿನ ದಾರಿಯ ನಡುವೆ ಮನುಷ್ಯ ತಾನು ಬಂದದ್ದು ಯಾಕೆ ಎಂದು ಮರೆತು ಕಂಡದ್ದನ್ನೆಲ್ಲ ಕೊಳ್ಳತೊಡಗುವ ಗಳಿಗೆಗೆ 'ಗ್ರೂಯೆನ್ ಟ್ರಾನ್ಸ್‌ಫರ್' ಎನ್ನುತ್ತಾರೆ. ಪಾಪ, ಅವನು ಹಾಗಾಗಲಿ ಅಂತ ಕಟ್ಟಿದ್ದಲ್ಲ. ಟ್ರಾನ್ಸ್‌ಫರ್ ಅಂದರೆ ನಮ್ಮ ಇಲಾಖೆಯಲ್ಲಿ ಬೇರೆ ಅರ್ಥ. ಅದಕ್ಕಾದರೆ ಆರ್ಡರಾದರೂ ಬರುತ್ತದೆ. ಇದಕ್ಕೆ ಅದೂ ಇಲ್ಲ. ಎರಡು ಕೊಂಡರೆ ಒಂದು ಪುಕ್ಕಟೆ ಎಂದು ಮೂರು ಟೀಶರ್ಟ್ ಕೊಂಡೆ. ನಾನು ಟೀಶರ್ಟ್ ಹಾಕುವವನೇ ಅಲ್ಲ. ಕಾಲೊರಸು ಒಂದು. ಕತ್ತಲೆಯಲ್ಲಿ ಮಿನುಗುವ ನೀರಿನ ಬಾಟಲಿ ಒಂದು. ಕತ್ತಲೆಯಲ್ಲಿ ನಾನು ಎಷ್ಟು ನೀರು ಕುಡಿಯುತ್ತೇನೆ ಅಂತ ಹೆಂಡತಿ ಇನ್ನೂ ಕೇಳುತ್ತಾಳೆ.

ರೈಲು ನೇತ್ರಾವತಿ ಸೇತುವೆ ದಾಟುವಾಗ ರಬ್ಬರು ನೆನಪಾಯಿತು. ಉಳ್ಳಾಲ ದಾಟುವಾಗ ದೊಡ್ಡಮ್ಮ ಚೀಲ ತಡವಿ, "ಮಾಣಿ, ಕತ್ತಿ?" ಅಂದರು. ನಾವು ಹೊರಗೆ ಬಂದದ್ದು ಹಿಂದಿನ ಬಾಗಿಲಿನಿಂದ.

ರಬ್ಬರು ಮರುದಿನ ಕುಂಬಳೆ ಪೇಟೆಯಲ್ಲೇ ಸಿಕ್ಕಿತು. ಅಂಗಡಿಯವರು ಎಷ್ಟು ಲೀಟರಿನದ್ದು ಅಂತ ಮಾತ್ರ ಕೇಳಿ, ಮೊಳೆಯಲ್ಲಿ ನೇತಾಡುತ್ತಿದ್ದ ಗೊಂಚಲಿನಿಂದ ಒಂದನ್ನು ಎಳೆದು ಕೊಟ್ಟರು. ಗ್ರೂಯೆನನಿಗೆ ಅಲ್ಲಿ ಏನೂ ಮಾಡಲಿಕ್ಕಾಗುತ್ತಿರಲಿಲ್ಲ.

ಟೋಕನ್ ಅಂಗಿಯ ಕಿಸೆಯಲ್ಲೇ ಒಗೆತಕ್ಕೆ ಹೋಗಿತ್ತು. ನಂಬರು ಅಳಿಸಿದ ಮುದ್ದೆಯನ್ನೇ ಒಣಗಿಸಿ, ಮಂಗಳೂರಿಗೆ ಹೋಗುವವರ ಕೈಯಲ್ಲಿ ಅಕ್ಕನಿಗೆ ಕಳಿಸಿದೆ. ವಾರ ಕಳೆದು ಅವಳು ಮಾಲಿನಿಂದಲೇ ಫೋನ್ ಮಾಡಿದಳು.

"ಇಲ್ಲಿ ಮೂರು ಮೆಟ್ಟುಕತ್ತಿ ಉಂಟು. ನಮ್ಮದು ಯಾವುದು?"

ದೊಡ್ಡಮ್ಮ ನನ್ನ ಕೈಯಿಂದ ಫೋನ್ ತೆಗೆದುಕೊಂಡರು.

"ಹರಿತ ಜಾಸ್ತಿ ಇರುವುದನ್ನು ತೆಕ್ಕೊಂಡು ಹೋಗು."