ಸಕಾರದ ಮರ್ಯಾದೆ

ಮ್ಯಾಡ್ರಿಡ್‌ನ ಕಾಫಿ ಅಂಗಡಿಯೊಂದರಲ್ಲಿ, ನನ್ನ ವಯಸ್ಸಿನ ಮೂರರಲ್ಲೊಂದು ಪಾಲೂ ಇರದ ಹುಡುಗನೊಬ್ಬ ಮೇಜು ಒರೆಸುತ್ತಲೇ ‘ಕೆ ತೋಮಾಸ್?’ ಎಂದಾಗ, ನನ್ನನ್ನು ಯಾರೋ ಥಾಮಸ್ ಎಂದು ತಿಳಿದನೇನೋ ಎಂದು ಅರೆಕ್ಷಣ ಅನುಮಾನವಾಯಿತು. ಆಮೇಲೆ ಹೊಳೆಯಿತು: ಏನು ತಗೊಳ್ತೀಯ ಎಂದು ಕೇಳಿದ್ದಾನೆ. ತಗೊಳ್ತೀಯ! ತೋಮೊ, ತೋಮಾಸ್, ತೋಮಾ, ತೊಮಾಮೋಸ್, ತೊಮಾಯಿಸ್, ತೋಮಾನ್ ಎಂದು ಸ್ಪ್ಯಾನಿಷ್ ಕ್ರಿಯಾರೂಪಗಳನ್ನು ಆರು ತಿಂಗಳು ಬೆಳಗಿನ ನಡಿಗೆಯಲ್ಲಿ ಮಗ್ಗಿಯಂತೆ ಒಪ್ಪಿಸಿಕೊಂಡಿದ್ದ ನನಗೆ, ಹಿರಿಯರಿಗೆ ಸಲ್ಲಬೇಕಾದದ್ದು ಸಕಾರವಿಲ್ಲದ ‘ತೋಮಾ’ ಎಂಬುದು ಚೆನ್ನಾಗಿ ಗೊತ್ತಿತ್ತು. ತಿನ್ನುವುದಕ್ಕೂ ಕೋಮೆಸ್–ಕೋಮೆ, ಬದುಕುವುದಕ್ಕೂ ಬೀಬೆಸ್–ಬೀಬೆ. ನಿಯಮ ತಪ್ಪದ ಕ್ರಿಯಾಪದಗಳಲ್ಲೆಲ್ಲ ವರ್ತಮಾನಕಾಲದಲ್ಲಿ ‘ನೀನು’ ಎಂದರೆ ಕೊನೆಗೊಂದು ಸಕಾರ. ‘ಇಲ್ಲಿ ಎಲ್ಲರನ್ನೂ ಹಾಗೇ ಕೇಳ್ತಾರಪ್ಪ, ಅದು ಸಲಿಗೆ’ ಎಂದು ಮಗಳು ನಕ್ಕಳು. ಸಲಿಗೆ ಕೊಡಬೇಕಾದವನು ನಾನಲ್ಲವೆ?

ಬಾಲ ಕತ್ತರಿಸಿದರೆ ಗೌರವ ಹೇಗಾಯಿತೆಂಬುದಕ್ಕೂ ಒಂದು ಕತೆಯಿದೆ. ದೊಡ್ಡ ಮನುಷ್ಯನನ್ನು ನೇರವಾಗಿ ‘ನೀವು’ ಎನ್ನುವುದೂ ಸಾಲದೆಂದು ಹಳೆಯ ಸ್ಪೇನಿನವರು ‘ವುಯೆಸ್ತ್ರ ಮೆರ್ಸೆದ್’, ಅಂದರೆ ‘ತಮ್ಮ ಕೃಪೆ’, ಎಂದು ಕರೆಯತೊಡಗಿದರು. ಕೃಪೆ ಪ್ರಥಮ ಪುರುಷವಾದ್ದರಿಂದ ಕ್ರಿಯಾಪದವೂ ಪ್ರಥಮ ಪುರುಷಕ್ಕೆ ಸರಿಯಿತು: ತಮ್ಮ ಕೃಪೆ ಏನು ತೆಗೆದುಕೊಳ್ಳುತ್ತದೆ? ನನ್ನ ಅಜ್ಜನ ಜಗುಲಿಯ ಕೆಳಗೆ ನಿಂತು, ‘ಬುದ್ಧಿಯವರು ಗದ್ದೆ ಕಡೆಗೆ ಯಾವಾಗ ಬರ್ತಾರೆ?’ ಎಂದು ಬುದ್ಧಿಯವರನ್ನೇ ಕೇಳುತ್ತಿದ್ದ ಆಳೊಬ್ಬನ ದನಿ ನನಗೆ ಇನ್ನೂ ನೆನಪಿದೆ. ಅವನು ಒಮ್ಮೆಯೂ ಜಗುಲಿ ಹತ್ತಿದ್ದನ್ನು ನಾನು ಕಂಡಿಲ್ಲವೆಂಬುದೂ ನೆನಪಿದೆ. ಬಾಯಿಂದ ಬಾಯಿಗೆ ಸವೆಯುತ್ತ 17ನೆಯ ಶತಮಾನದ ಹೊತ್ತಿಗೆ ಆ ‘ತಮ್ಮ ಕೃಪೆ’ ‘ಉಸ್ತೆದ್’, ಅಂದರೆ ಇಂದಿನ ಗೌರವದ ‘ನೀವು’, ಆಯಿತು. ಸರ್ವನಾಮ ಸವೆದರೂ ಕ್ರಿಯಾಪದ ಮಾತ್ರ ಎಂದೋ ಕಾಣೆಯಾದ ಕೃಪೆಗೇ ಇಂದಿಗೂ ಹೊಂದಿಕೊಂಡು ನಿಂತಿದೆ. ಇಷ್ಟನ್ನೂ ಆ ಹುಡುಗನಿಗೆ ವಿವರಿಸುವಷ್ಟು ಸ್ಪ್ಯಾನಿಷ್ ನನಗೆ ಬರುವುದಿಲ್ಲ; ಬಂದಿದ್ದರೆ ಕಾಫಿ ಆರಿಹೋಗುತ್ತಿತ್ತು.

ಮರುವಾರ ದಕ್ಷಿಣ ಸ್ಪೇನಿನ ಸೆವಿಯಾ ನಗರಕ್ಕೆ ಹೋದೆವು. ಅಲ್ಲಿಯ ಜನ ಪದದ ಕೊನೆಯ ಸಕಾರವನ್ನು ಹೆಚ್ಚಾಗಿ ನುಂಗಿಬಿಡುತ್ತಾರೆ, ಇಲ್ಲವೇ ಹಕಾರದಂತೆ ಉಸಿರಿಗೆ ತೇಲಿಸಿಬಿಡುತ್ತಾರೆ. ದಪ್ಪ ಮೀಸೆಯ ಮಾಣಿಯೊಬ್ಬ ನಮ್ಮ ಮೇಜಿನ ಬಳಿ ಬಂದು, ನನ್ನನ್ನೇ ನೋಡುತ್ತ, ‘ಕೆ ತೋಮಾ…’ ಎಂದು ಕೊನೆಯಲ್ಲಿ ಸಣ್ಣದೊಂದು ಉಸಿರು ಬಿಟ್ಟ. ಅದು ನುಂಗಿದ ಸಕಾರವೋ, ಮೆಟ್ಟಿಲು ಹತ್ತಿ ಬಂದ ಆಯಾಸವೋ ತಿಳಿಯದೆ ಮಗಳ ಮುಖ ನೋಡಿದೆ.

‘ಕಾಫಿ ಹೇಳಪ್ಪ’ ಎಂದಳು.

‘ತೋಮೊ ಕಫೆ’ ಎಂದೆ.